ಚೆಂಡಿಯಾದ ರಾಣೆಯವರು ಮತ್ತು ನಾಲ್ಕು ದಿನದ ರಸ್ತೆ ಕೆಲಸ

ನಾವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಪಠ್ಯಪುಸ್ತಕಕ್ಕೆ ಹೊದಿಕೆ ಹಾಕಲು 'ಸೋವಿಯತ್ ಲ್ಯಾಂಡ್' ಪತ್ರಿಕೆಯ ಹಾಳೆಗಿಂತ ಒಳ್ಳೆಯದು ಬೇರೆ ಇರಲಿಲ್ಲ. ದಪ್ಪ, ನುಣುಪು ಕಾಗದ, ಬಣ್ಣಬಣ್ಣದ ಚಿತ್ರಗಳು. ಅಂಕೋಲೆಯಲ್ಲಿ ನಮ್ಮ ಮನೆ ಹತ್ತಿರದ ಮಾಸ್ತರರೊಬ್ಬರು ಅದನ್ನು ತರಿಸುತ್ತಿದ್ದರು, ಓದಿ ಮುಗಿದ ಮೇಲೆ ನಮಗೆ ಕೊಡುತ್ತಿದ್ದರು. ನನ್ನ ಏಳನೇ ಇಯತ್ತೆಯ ಗಣಿತ ಪುಸ್ತಕದ ಮೇಲೆ ಎದೆತುಂಬ ಪದಕ ಹಾಕಿಕೊಂಡ ಒಬ್ಬ ಸೋವಿಯತ್ ಸೇನಾಧಿಕಾರಿ ವರ್ಷವಿಡೀ ಕುಳಿತಿದ್ದ. ಮುಂದೆ ಹುಬ್ಬಳ್ಳಿಯಲ್ಲಿ ಕಲಿಯುವಾಗ ಎರಡು ಮೂರು ರೂಪಾಯಿಗೆ ಸಿಗುತ್ತಿದ್ದ ರಷ್ಯನ್ ಪುಸ್ತಕಗಳಲ್ಲಿ ಅವರ ಕಥೆಗಳನ್ನೇ ಓದಿದೆ. ಮಾರ್ಷಲ್ ಝುಕೋವ್ ನಾಲ್ಕು ಸಲ 'ಸೋವಿಯತ್ ಒಕ್ಕೂಟದ ವೀರ' ಪದವಿ ಪಡೆದವನು ಅಂತ ಇವತ್ತಿಗೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಆ ಪದವಿಯನ್ನು ಸೋವಿಯತ್ ದೇಶ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿಗೆ ಕೊಟ್ಟಿತು. ಅವರ ಯುದ್ಧವೂ ಅಷ್ಟು ದೊಡ್ಡದಿತ್ತು ಬಿಡಿ. ನಮ್ಮ ಪರಮವೀರ ಚಕ್ರ ಈವರೆಗೆ ಸಿಕ್ಕಿದ್ದು 21 ಜನರಿಗೆ ಮಾತ್ರ. ಆ ಇಪ್ಪತ್ತೊಂದರಲ್ಲಿ ಇಂದಿನ ಕರ್ನಾಟಕದ ನೆಲದಲ್ಲಿ ಹುಟ್ಟಿದವರು ಒಬ್ಬರೇ. ಅವರ ಊರು ನಮ್ಮ ಊರಿನಿಂದ ಕಾರವಾರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಚೆಂಡಿಯಾ. ಝುಕೋವ್ ಗೊತ್ತಿದ್ದ ನನಗೆ ಅವರ ಹೆಸರು ಗೊತ್ತಿರಲಿಲ್ಲ!

ಇಷ್ಟೇ ಆಗಿದ್ದರೆ ಈ ಬರಹ ಬರೆಯುತ್ತಿರಲಿಲ್ಲ. ನಾನು ಪುಣೆಗೆ ಬಂದದ್ದು 1986ರಲ್ಲಿ. ಚಿಂಚವಾಡದ ಕಾರ್ಖಾನೆಯಲ್ಲಿ ಕೆಲಸ. ದಿನಾ ಕಂಪನಿ ಬಸ್ಸಿನಲ್ಲಿ ಖಡಕಿ ದಾಟಿ ಹೋಗುವುದು, ಖಡಕಿ ದಾಟಿ ಬರುವುದು. ಅದೇ ಖಡಕಿಯಲ್ಲಿ 1869ರಿಂದ ನೆಲೆಸಿರುವ ಬಾಂಬೆ ಸ್ಯಾಪರ್ಸ್ ಅಂದರೆ ಬಾಂಬೆ ಇಂಜಿನಿಯರ್ ಗ್ರೂಪ್ ಇವರ ಪಡೆ. ನಾನು ಕಾತ್ರಜಕ್ಕೆ ಮನೆ ಬದಲಿಸಿದ್ದು 1994ರ ಮಳೆಗಾಲದಲ್ಲಿ. ಆ ವರ್ಷದ ಜುಲೈ 11ರಂದು ಇವರು ಇದೇ ಪುಣೆಯ ಕಮಾಂಡ್ ಆಸ್ಪತ್ರೆಯಲ್ಲಿ ತೀರಿಕೊಂಡರು. ನನಗೆ ಆ ವಾರದ ನೆನಪಿರುವುದು ಎರಡೇ. ಹೊಸ ಮನೆಯ ಅಡುಗೆಕೋಣೆ ಸೋರುತ್ತಿತ್ತು, ಮತ್ತು ಅಮೆರಿಕದ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಬಲ್ಗೇರಿಯಾ ಜರ್ಮನಿಯನ್ನು ಸೋಲಿಸಿತ್ತು. ಎಂಟು ವರ್ಷ ಒಂದೇ ಊರಿನ ನೀರು ಕುಡಿದೆವು, ನಮ್ಮ ಕಡೆಯ ಮನುಷ್ಯ ಅಂತ ಹೋಗಿ ಒಂದು ನಮಸ್ಕಾರ ಮಾಡಲಿಲ್ಲ. ಇದು ಯಾರದೋ ತಪ್ಪಲ್ಲ, ನನ್ನದೇ. ಹೆಸರು ಮೊದಲು ಕಣ್ಣಿಗೆ ಬಿದ್ದದ್ದು ಕಾರವಾರದ ಟಾಗೋರ್ ಕಡಲತೀರದಲ್ಲಿ, 2006ರಲ್ಲಿ ಅಲ್ಲಿ ಅವರ ಪ್ರತಿಮೆ ನಿಲ್ಲಿಸಿದ ಮೇಲೆ. ಮೇಜರ್ ರಾಮ ರಾಘೋಬಾ ರಾಣೆ.

ಹುಟ್ಟಿದ್ದು 1918ರ ಜೂನ್ 26. ತಂದೆ ಪೊಲೀಸ್ ಪೇದೆ. ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರು. ಪೇದೆಗೆ ವರ್ಗ ತಪ್ಪಿದ್ದಲ್ಲ, ಹಾಗಾಗಿ ಹುಡುಗನ ಶಾಲೆಯೂ ಊರಿಂದೂರಿಗೆ ಬದಲಾಗುತ್ತ ಹೋಯಿತು. 1930ರಲ್ಲಿ ಹುಡುಗನಿಗೆ ಹನ್ನೆರಡು. ನಮ್ಮ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು ಅದೇ ವರ್ಷ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಜಿಲ್ಲೆಯೆಲ್ಲ ಗಾಂಧಿ ಗಾಂಧಿ ಅನ್ನುತ್ತಿದ್ದ ಹೊತ್ತು. ಪೇದೆಯ ಮಗನಿಗೂ ಚಳವಳಿಯ ಹುಚ್ಚು ಹಿಡಿಯಿತು. ತಂದೆ ಸಂಸಾರವನ್ನು ಚೆಂಡಿಯಾಕ್ಕೆ ತಂದು ಬಿಟ್ಟರು. ಸರಕಾರದ ಲಾಠಿ ಹಿಡಿದು ಅನ್ನ ತಿನ್ನುವವನ ಮನೆಯಲ್ಲಿ ಮಗ ಖಾದಿಯ ಕಡೆ ನೋಡಿದರೆ ಏನಾಗಬಹುದು ಅಂತ ಊಹಿಸುವುದು ಕಷ್ಟವಲ್ಲ.

ಅದೇ ಹುಡುಗ ಹತ್ತು ವರ್ಷದ ನಂತರ, 1940ರ ಜುಲೈ 10ರಂದು, ಬ್ರಿಟಿಷರ ಸೈನ್ಯಕ್ಕೆ ಸೇರಿದ. ಇದರಲ್ಲಿ ವಿರೋಧ ಹುಡುಕುವವರು ಹುಡುಕಲಿ. ಆ ಕಾಲದಲ್ಲಿ ಕಾರವಾರದ ಕಡೆಯ ಹುಡುಗರಿಗೆ ಒಂದೋ ಗದ್ದೆ, ಒಂದೋ ಸಮುದ್ರ, ಇಲ್ಲವಾದರೆ ಮುಂಬಯಿ ಅಥವಾ ಪುಣೆ. ಮುಂಬಯಿ ಗಿರಣಿಗೆ, ಹೋಟೆಲಿಗೆ, ರೈಲ್ವೆಗೆ ಹೋದ ಹಾಗೆಯೇ ಫೌಜಿಗೂ ಹೋದರು. ನಾವೆಲ್ಲ ಬಂದದ್ದೂ ಹಾಗೇ ಅಲ್ಲವೆ?

ರಂಗರೂಟನಾಗಿ ತನ್ನ ತಂಡದಲ್ಲಿ ಅತ್ಯುತ್ತಮ ಅನ್ನಿಸಿಕೊಂಡು ಕಮಾಂಡಂಟರ ಬೆತ್ತ ಗೆದ್ದರು. 28ನೇ ಫೀಲ್ಡ್ ಕಂಪನಿಯ ಜೊತೆ ಬರ್ಮಾಕ್ಕೆ ಕಳಿಸಿದರು. ಅರಕಾನ್‌ನಲ್ಲಿ ಜಪಾನಿಯರ ಎದುರು ಸೈನ್ಯ ಹಿಂದೆ ಸರಿಯುವಾಗ ಬುತಿಡಾಂಗ್‌ನಲ್ಲಿ ಶತ್ರುವಿಗೆ ಉಪಯೋಗಕ್ಕೆ ಬರುವಂಥದ್ದನ್ನೆಲ್ಲ ಸಿಡಿಸಿ ನಾಶಮಾಡಲು ರಾಣೆಯವರನ್ನೂ ಎರಡು ಸೆಕ್ಷನ್ ಜನರನ್ನೂ ಹಿಂದೆ ಬಿಟ್ಟು ಹೋದರು. ಕೆಲಸ ಮುಗಿದ ಮೇಲೆ ನೌಕಾಪಡೆಯ ಹಡಗು ಬಂದು ಕರೆದೊಯ್ಯುತ್ತದೆ ಅಂತ ಮಾತು. ಹಡಗು ಬರಲಿಲ್ಲ. ಜಪಾನಿಯರು ಕಾವಲಿದ್ದ ನದಿಯನ್ನು ತಾವೇ ಹೇಗೋ ದಾಟಿ, ಬಾವ್ಲಿ ಬಜಾರಿನಲ್ಲಿದ್ದ ತಮ್ಮ ಡಿವಿಜನ್ನಿಗೆ ಬಂದು ಸೇರಿದರು. ಇದಕ್ಕೆ ಹವಾಲ್ದಾರ್ ಬಡ್ತಿ ಸಿಕ್ಕಿತು. ಮುಂದೆ ಜಮಾದಾರ್. 1947ರ ಡಿಸೆಂಬರ್ 15ರಂದು, ಸ್ವಾತಂತ್ರ್ಯ ಬಂದು ನಾಲ್ಕು ತಿಂಗಳಾದ ಮೇಲೆ, ಸೆಕೆಂಡ್ ಲೆಫ್ಟಿನೆಂಟ್ ರಾಣೆ. ಆಗ ಅವರಿಗೆ 29 ವರ್ಷ. ಅಕಾಡೆಮಿಯಿಂದ ಬರುವ ಹುಡುಗರು ಇಪ್ಪತ್ತು ಇಪ್ಪತ್ತೊಂದಕ್ಕೆ ಆಗುವ ಹುದ್ದೆ ಅದು.

ಅಷ್ಟರಲ್ಲಿ ಕಾಶ್ಮೀರದಲ್ಲಿ ಯುದ್ಧ ಶುರುವಾಗಿತ್ತು. 1947ರ ನವೆಂಬರಿನಿಂದ ರಜೌರಿ ಪಟ್ಟಣ ದಾಳಿಕೋರರ ಕೈಯಲ್ಲಿತ್ತು. ಅಲ್ಲಿ ಸಿಕ್ಕಿಕೊಂಡ ಜನರ ಮೇಲೆ ನಡೆದದ್ದನ್ನು ಬರೆಯಲು ನನಗೆ ಮನಸ್ಸಿಲ್ಲ. 1948ರ ಫೆಬ್ರುವರಿಯಲ್ಲಿ ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನ್ ನೌಶೇರಾವನ್ನು ಉಳಿಸಿಕೊಂಡರು, ಮಾರ್ಚ್ 18ಕ್ಕೆ ಝಂಗಡ್ ಮರಳಿ ಸಿಕ್ಕಿತು. ಆ ರಂಗದ ಮೇಲುಸ್ತುವಾರಿ ಆ ಜನವರಿಯಿಂದ ನಮ್ಮ ಕೊಡಗಿನ ಕಾರಿಯಪ್ಪನವರದು. ಮುಂದಿನ ಗುರಿ ರಜೌರಿ. ನೌಶೇರಾದಿಂದ ಉತ್ತರಕ್ಕೆ ಗುಡ್ಡಗಳ ನಡುವೆ ಹೋಗುವ ಹಳೆಯ ಮೊಗಲರ ದಾರಿ. ಆ ದಾರಿ ಹೇಗಿತ್ತು ಎಂದರೆ ಮರ ಕಡಿದು ಅಡ್ಡ ಹಾಕಿದ್ದಾರೆ, ಮೋರಿಗಳನ್ನು ಒಡೆದಿದ್ದಾರೆ, ಬದಿಯ ಮಣ್ಣು ಕಟ್ಟೆಗಳನ್ನು ಸಿಡಿಸಿದ್ದಾರೆ, ನಡುನಡುವೆ ನೆಲಬಾಂಬು ಹುಗಿದಿದ್ದಾರೆ, ಗುಡ್ಡದ ಮೇಲೆ ಮೆಷಿನ್ ಗನ್ ಇಟ್ಟುಕೊಂಡು ಕುಳಿತಿದ್ದಾರೆ. ಟ್ಯಾಂಕು ಮುಂದೆ ಹೋದರೆ ಮಾತ್ರ ಪದಾತಿ ಹೋಗುತ್ತದೆ, ದಾರಿ ಇದ್ದರೆ ಮಾತ್ರ ಟ್ಯಾಂಕು ಹೋಗುತ್ತದೆ. ದಾರಿ ಮಾಡುವ ಕೆಲಸ ಸ್ಯಾಪರ್‌ಗಳದು.

ಈ ಭಾಗ ನನಗೆ ಬರೀ ಓದಿ ಅರ್ಥವಾದದ್ದಲ್ಲ. ನಮ್ಮ ಸೊಸೈಟಿಯಲ್ಲಿ ಒಬ್ಬ ಕಾಕಾ ಇದ್ದಾರೆ, ಸಾತಾರಾ ಕಡೆಯವರು, ಬಾಂಬೆ ಸ್ಯಾಪರ್ಸ್‌ನಿಂದಲೇ ಹವಾಲ್ದಾರರಾಗಿ ನಿವೃತ್ತರಾದವರು. ಒಂದು ಭಾನುವಾರ ಅವರ ಜೊತೆ ಹಳೆಯ ಕಾತ್ರಜ ಘಾಟಿನ ರಸ್ತೆಯಲ್ಲಿ ಸುರಂಗದ ತನಕ ನಡೆದು ಹೋಗಿದ್ದೆ. ಒಂದು ತಿರುವಿನಲ್ಲಿ ನಿಂತು ಕಾಕಾ ಹೇಳಿದರು, "ಸಾಹೇಬ್, ಈ ಮೂಲೆಯಿಂದ ಆ ಮೂಲೆಗೆ ನಿಮಗೆ ಎಷ್ಟು ಹೊತ್ತು?" ಎರಡು ನಿಮಿಷ ಅಂದೆ. "ನಮಗೆ ಅರ್ಧ ದಿನ. ಅದೂ ಮೇಲಿಂದ ಯಾರೂ ಗುಂಡು ಹಾರಿಸದಿದ್ದರೆ." ಆಮೇಲೆ ರಸ್ತೆಯ ಬದಿಯಲ್ಲಿ ಮೊಣಕಾಲೂರಿ, ಕೈಯಲ್ಲಿದ್ದ ಕೋಲನ್ನೇ ಬಯೋನೆಟ್ ಮಾಡಿಕೊಂಡು ತೋರಿಸಿದರು. ನೇರವಾಗಿ ಚುಚ್ಚಬಾರದು, ಮೇಲಿಂದ ಒತ್ತಿದರೆ ಸಿಡಿಯುತ್ತದೆ. ಓರೆಯಾಗಿ, ಮೆಲ್ಲಗೆ, ಬದಿಯಿಂದ ತಾಗಬೇಕು. ಗಟ್ಟಿ ಏನಾದರೂ ಸಿಕ್ಕಿದರೆ ಸುತ್ತಲಿನ ಮಣ್ಣು ಕೈಯಿಂದ ಬಿಡಿಸಬೇಕು. ಮತ್ತೆ ಒಂದು ಗೇಣು ಮುಂದೆ. ಅದು ಕಲ್ಲೇ ಆಗಿರಬಹುದು, ಆದರೂ ಅಷ್ಟೇ ಜೋಪಾನ. ಎಪ್ಪತ್ತು ದಾಟಿದ ಮನುಷ್ಯ ಮೊಣಕಾಲೂರಿ ಕುಳಿತದ್ದು ನೋಡಿ ಒಂದು ಕಾರಿನವರು ನಿಲ್ಲಿಸಿ, ಏನಾದರೂ ಕಳೆದುಹೋಯಿತೇ ಅಂತ ಕೇಳಿದರು.

ಈಗ ಆ ನಾಲ್ಕು ದಿನಕ್ಕೆ ಬರೋಣ. ಪ್ರಶಸ್ತಿಗೆ ಕಾರಣ ಬರೆದ ಸರಕಾರಿ ಪತ್ರವಿದೆಯಲ್ಲ, ಅದು ಓದಲು ವೀರಗಾಥೆಗಿಂತ ಹೆಚ್ಚಾಗಿ ರಸ್ತೆ ಕಂತ್ರಾಟುದಾರನ ಡೈರಿಯ ಹಾಗಿದೆ. ಎಲ್ಲ ಕಡೆ ಗಂಟೆ, ನಿಮಿಷ. ನನಗೆ ಬಹಳ ಹಿಡಿಸಿದ್ದೂ ಅದೇ.

ಏಪ್ರಿಲ್ 8, ಬೆಳಿಗ್ಗೆ 11 ಗಂಟೆ. ನಾದಪುರ ದಕ್ಷಿಣ ಎಂಬಲ್ಲಿ ರಾಣೆಯವರ ತಂಡ ನೆಲಬಾಂಬು ತೆಗೆಯುವ ಕೆಲಸ ಶುರುಮಾಡಲು ಟ್ಯಾಂಕುಗಳ ಬಳಿ ಕಾಯುತ್ತಿತ್ತು. ಆಗಲೇ ಮಾರ್ಟರ್ ಗುಂಡುಗಳು ಬಿದ್ದವು. ಇಬ್ಬರು ಸತ್ತರು, ಐವರಿಗೆ ಗಾಯ, ಆ ಐವರಲ್ಲಿ ರಾಣೆಯವರೂ ಒಬ್ಬರು. ಅಂದರೆ ಇನ್ನೂ ಕೆಲಸ ಶುರುವಾಗುವ ಮುಂಚೆಯೇ. ಇದನ್ನು ಮರೆತರೆ ಮುಂದಿನದ್ದು ಅರ್ಥವಾಗುವುದಿಲ್ಲ. ಮುಂದೆ ಮಾಡಿದ್ದೆಲ್ಲ ಗಾಯಗೊಂಡ ಮೈಯಲ್ಲಿ ಮಾಡಿದ್ದು. ಉಳಿದವರನ್ನು ಕೂಡಿಸಿಕೊಂಡು ಕೆಲಸಕ್ಕೆ ಇಳಿದರು. ಸಂಜೆ ನಾಲ್ಕೂವರೆಗೆ ಡೋಗ್ರಾ ಪಡೆ ಬರ್ವಾಲಿ ದಿಬ್ಬ ಹಿಡಿಯಿತು. ಶತ್ರು ಇನ್ನೂ ಪೂರ್ತಿ ಹೋಗಿಲ್ಲ ಅಂತ ಗೊತ್ತಿದ್ದೂ ರಾಣೆ ಮುಂದಕ್ಕೆ ಹೋಗಿ ಟ್ಯಾಂಕುಗಳಿಗೆ ಸುತ್ತುದಾರಿ ಕಡಿಯತೊಡಗಿದರು. ರಾತ್ರಿ ಹತ್ತರ ತನಕ.

ಏಪ್ರಿಲ್ 9, ಬೆಳಿಗ್ಗೆ 6. ಮಧ್ಯಾಹ್ನ 3ಕ್ಕೆ ಸುತ್ತುದಾರಿ ತಯಾರು. ಎಲ್ಲರಿಗಿಂತ ಮುಂದಿನ ಗಾಡಿಯಲ್ಲಿ ರಾಣೆ ತಾವೇ ಹತ್ತಿ ಕುಳಿತರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಪೈನ್ ಮರಗಳ ಅಡ್ಡಗಟ್ಟು. ಇಳಿದು ಸಿಡಿಸಿದರು. ಮುನ್ನೂರು ಗಜ ಹೋದರೆ ಮತ್ತೆ ಅದೇ. ಆಮೇಲೆ ಒಡೆದ ಮೋರಿ, ಮೇಲಿಂದ ಮೆಷಿನ್ ಗನ್. ಅಲ್ಲೊಂದು ಸುತ್ತುದಾರಿ. ಸಂಜೆ ಆರೂಕಾಲಕ್ಕೆ ಬೆಳಕು ಹೋಗುತ್ತಿದೆ, ಎದುರಿಗೆ ಐದು ದೊಡ್ಡ ಪೈನ್ ಮರ, ಸುತ್ತ ನೆಲಬಾಂಬು. ರಾಣೆ ಅದಕ್ಕೂ ಕೈ ಹಾಕಿದ್ದರು, ಟ್ಯಾಂಕು ದಳದ ಮುಖ್ಯಸ್ಥರೇ ಇವತ್ತಿಗೆ ಸಾಕು ಅಂತ ದಂಡನ್ನು ಬದಿಗೆ ತಂಗಿಸಿದರು.

ಏಪ್ರಿಲ್ 10, ಬೆಳಗಿನ ಜಾವ 4.45. ಆ ಐದು ಮರಗಳ ಕೆಲಸ ಆರೂವರೆಗೆ ಮುಗಿಯಿತು. ಮುಂದಿನ ಸಾವಿರ ಗಜ ಬರೀ ಅಡ್ಡಗಟ್ಟುಗಳೇ. ಹತ್ತೂವರೆಗೆ ಅದೂ ಆಯಿತು. ಟ್ಯಾಂಕುಗಳು ತಾವಿ ನದಿಯ ಪಾತ್ರಕ್ಕೆ ಇಳಿದು ಮಧ್ಯಾಹ್ನ 2ಕ್ಕೆ ಚಿಂಗಸ್ ಸೇರಿದವು. ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳಬಹುದಿತ್ತು. ಆದರೆ ಹಿಂದೆ ಅನ್ನ, ನೀರು, ಮದ್ದುಗುಂಡು ಹೊತ್ತ ಲಾರಿಗಳಿವೆಯಲ್ಲ, ಅವು ನದಿಯಲ್ಲಿ ಹೋಗಲಾರವು. ಅವಕ್ಕಾಗಿ ರಾತ್ರಿ 9ರ ತನಕ, ಊಟ ವಿಶ್ರಾಂತಿ ಇಲ್ಲದೆ. 11ರಂದು ಮತ್ತೆ ಬೆಳಿಗ್ಗೆ 6ಕ್ಕೆ ಶುರು, 11ಕ್ಕೆ ಚಿಂಗಸ್ ರಸ್ತೆ ತೆರೆಯಿತು. ಅದರ ಮುಂದಿನ ರಸ್ತೆಗಾಗಿ ರಾತ್ರಿ 10ರವರೆಗೆ. ನಾನು ಬೆರಳೆಣಿಸಿ ಕೂಡಿಸಿದೆ. ನಾಲ್ಕು ದಿನದಲ್ಲಿ ಐವತ್ತೈದು ಗಂಟೆ ಮೀರುತ್ತದೆ.

ಅಂದ ಹಾಗೆ ಈ ಚಿಂಗಸ್ ಅನ್ನುವುದು ಮೊಗಲರ ಸರಾಯಿ ಇರುವ ಜಾಗ. 1627ರಲ್ಲಿ ಕಾಶ್ಮೀರದಿಂದ ಮರಳುವಾಗ ಜಹಾಂಗೀರ ಬಾದಶಹ ತೀರಿಕೊಂಡ, ಅವನ ಕರುಳನ್ನು ಇಲ್ಲಿ ಹೂಳಿದರು ಅನ್ನುವ ಪ್ರತೀತಿ ಇದೆ. ಏಪ್ರಿಲ್ 12ರಂದು ಸೈನ್ಯ ರಜೌರಿ ಸೇರಿತು.

ರಾಣೆಯವರ ಬಗ್ಗೆ ಹೆಚ್ಚು ಓಡಾಡುವ ಕಥೆ ಮಾತ್ರ ಇದಲ್ಲ. ಅವರು ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಚಾಲಕನಿಗೆ ಹಗ್ಗ ಜಗ್ಗಿ ಬಲಕ್ಕೆ ಎಡಕ್ಕೆ ಅಂತ ಸೂಚನೆ ಕೊಡುತ್ತಾ ನೆಲಬಾಂಬುಗಳ ನಡುವೆ ಟ್ಯಾಂಕನ್ನು ದಾಟಿಸಿದರು ಅಂತ ಎಲ್ಲ ಕಡೆ ಬರೆಯುತ್ತಾರೆ. ಇರಬಹುದು, ಅಂಥ ಧೈರ್ಯ ಅವರಲ್ಲಿತ್ತು. ಆದರೆ ಆ ಸರಕಾರಿ ಪತ್ರದಲ್ಲಿ ಹಗ್ಗದ ಮಾತಿಲ್ಲ. ನಮಗೆ ಕಥೆಯಲ್ಲಿ ಒಂದು ಉಪಾಯ ಬೇಕು. ನಮ್ಮ ಕಾತ್ರಜ ಘಾಟಿನದೇ ನೋಡಿ. ಲಾಲ್ ಮಹಲಿನಲ್ಲಿ ಶಾಯಿಸ್ತಾಖಾನನ ಬೆರಳು ಕತ್ತರಿಸಿದ ರಾತ್ರಿ, ಶಿವಾಜಿ ಮಹಾರಾಜರು ಎತ್ತುಗಳ ಕೋಡಿಗೆ ಪಂಜು ಕಟ್ಟಿ ಈ ಘಾಟಿಗೆ ಅಟ್ಟಿ ಮೊಗಲರ ದಂಡನ್ನು ದಾರಿ ತಪ್ಪಿಸಿದರು ಅಂತ ಇಲ್ಲಿನ ಮಕ್ಕಳೂ ಹೇಳುತ್ತಾರೆ. ಕೇಳಲು ಎಷ್ಟು ಚೆಂದ! ಬೆಳಿಗ್ಗೆ ಎದ್ದು ಮರ ಸಿಡಿಸಿದ, ಮಧ್ಯಾಹ್ನ ಮಣ್ಣು ಕಡಿದ, ಸಂಜೆ ಬಾಂಬು ತೆಗೆದ, ಮರುದಿನ ಮತ್ತೆ ಅದೇ ಮಾಡಿದ ಅನ್ನುವುದನ್ನು ಮಕ್ಕಳಿಗೆ ಕಥೆಯಾಗಿ ಹೇಳುವುದು ಹೇಗೆ? ನನ್ನ ಮಟ್ಟಿಗೆ ಹಗ್ಗದ ಕಥೆಗಿಂತ ಈ ಎರಡನೆಯದೇ ದೊಡ್ಡದು. ಆವೇಶದಲ್ಲಿ ಒಂದು ಗಳಿಗೆ ಪ್ರಾಣ ಮರೆಯಬಹುದು. ಗಾಯ ಇಟ್ಟುಕೊಂಡು ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು ಹೊರಡುವುದು ಬೇರೆ.

ಖಡಕಿಗೆ ಇದು ಹೊಸದೂ ಅಲ್ಲ. 1941ರ ಜನವರಿ ಕೊನೆಯಲ್ಲಿ ಇದೇ ಬಾಂಬೆ ಸ್ಯಾಪರ್ಸ್‌ನ ಇನ್ನೊಬ್ಬ ಸೆಕೆಂಡ್ ಲೆಫ್ಟಿನೆಂಟ್, ಪ್ರೇಮೀಂದ್ರ ಸಿಂಗ್ ಭಗತ್, ಇಥಿಯೋಪಿಯಾದಲ್ಲಿ ಇಟಲಿಯವರು ಹುಗಿದ ನೆಲಬಾಂಬುಗಳನ್ನು ನಾಲ್ಕು ದಿನ ತೆಗೆಯುತ್ತಾ ಹೋದರು. 55 ಮೈಲಿ, 15 ಬಾಂಬುಕ್ಷೇತ್ರ. ಎರಡು ಸಲ ಅವರ ಗಾಡಿಯೇ ಸಿಡಿಯಿತು. ಅದಕ್ಕೆ ವಿಕ್ಟೋರಿಯಾ ಕ್ರಾಸ್ ಬಂತು. ಇಬ್ಬರೂ ಹುಟ್ಟಿದ್ದು 1918ರಲ್ಲೇ, ಪಡೆ ಒಂದೇ, ಮಾಡಿದ ಕೆಲಸವೂ ಒಂದೇ. ಆದರೆ ಭಗತ್ ಡೆಹ್ರಾಡೂನ್ ಅಕಾಡೆಮಿಯಿಂದ ಬಂದವರು, ಲೆಫ್ಟಿನೆಂಟ್ ಜನರಲ್ ಆದರು. ಸಿಪಾಯಿಯಾಗಿ ಸೇರಿದ ರಾಣೆ 28 ವರ್ಷ ಸೇವೆ ಮಾಡಿ 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. ಐದು ಸಲ ಯುದ್ಧವರದಿಗಳಲ್ಲಿ ಹೆಸರು ಬಂದಿತ್ತು. ಮೂವತ್ತರ ಹತ್ತಿರ ಅಧಿಕಾರಿಯಾದವನಿಗೆ ಮೇಲಿನ ಮೆಟ್ಟಿಲುಗಳು ಹತ್ತುವ ಮೊದಲೇ ವಯಸ್ಸಾಗಿಬಿಡುತ್ತದೆ. ನಮ್ಮ ಕಾರ್ಖಾನೆಯಲ್ಲೂ ಹೆಲ್ಪರ್ ಆಗಿ ಸೇರಿ ಸೂಪರ್‌ವೈಜರ್ ಆದವರಿದ್ದರು. ಎಲ್ಲ ಯಂತ್ರವನ್ನೂ ಕೈಯಿಂದ ಬಲ್ಲವರು. ಮ್ಯಾನೇಜರ್ ಮಾತ್ರ ಆಗಲಿಲ್ಲ.

ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. ರಾಣೆಯವರ ಹೆಸರು ಆ ವರ್ಷದ ಜೂನ್‌ನಲ್ಲಿ ಪ್ರಕಟವಾಯಿತು. ಆ ಕಾಶ್ಮೀರ ಯುದ್ಧಕ್ಕೆ ಐದು ಪರಮವೀರ ಚಕ್ರಗಳು. ಸೋಮನಾಥ ಶರ್ಮ, ಜದುನಾಥ ಸಿಂಗ್, ಪೀರು ಸಿಂಗ್ ಮೂವರೂ ಯುದ್ಧದಲ್ಲೇ ಹೋದರು. ಬದುಕಿದ್ದು ಪದಕ ಧರಿಸಿದವರು ರಾಣೆ ಮತ್ತು ಕರಮ್ ಸಿಂಗ್ ಇಬ್ಬರೇ.

ಇನ್ನು ಅವರು ಯಾರವರು ಅನ್ನುವ ಪ್ರಶ್ನೆ. ಪುಣೆಯಲ್ಲಿ ಇದ್ದ ಮೇಲೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹೆಸರು ಕೇಳಿದರೆ ಇಲ್ಲಿಯವರು 'ನಮ್ಮ ಮರಾಠಿ ಮಾಣೂಸ್' ಅನ್ನುತ್ತಾರೆ. ಕಾರವಾರದ ಕರಾವಳಿಯ ಮನೆಮಾತು ಕೊಂಕಣಿ, ಅದನ್ನೂ ಇಬ್ಬರೂ ಎಳೆಯುತ್ತಾರೆ. ಅವರು ಯುದ್ಧ ಮಾಡಿದಾಗ ಕಾರವಾರ ಮುಂಬಯಿಯಲ್ಲಿತ್ತು, ಕರ್ನಾಟಕಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಹಾಗಂತ ಅವರು ನಮ್ಮವರಲ್ಲ ಅನ್ನುವುದಾದರೆ ಕಾರಿಯಪ್ಪ, ತಿಮ್ಮಯ್ಯನವರನ್ನೂ ಬಿಟ್ಟುಕೊಡಬೇಕಾಗುತ್ತದೆ. ಕೊಡಗು ಕೂಡ ಅದೇ ದಿನ ಬಂದದ್ದು. ಆ ವರ್ಷದ ಕಾಶ್ಮೀರದಲ್ಲಿ ಆಜ್ಞೆ ಕೊಟ್ಟ ಕಾರಿಯಪ್ಪ, ನವೆಂಬರಿನಲ್ಲಿ ಝೋಜಿ ಲಾ ಕಣಿವೆಗೆ ಟ್ಯಾಂಕು ಹತ್ತಿಸಿದ ತಿಮ್ಮಯ್ಯ, ರಜೌರಿಗೆ ದಾರಿ ಕಡಿದ ರಾಣೆ. ಮೊದಲ ಇಬ್ಬರ ಹೆಸರು ನಮ್ಮ ನಾಲಿಗೆಯ ಮೇಲಿದೆ. ಮೂರನೆಯವರದು ಇಲ್ಲದಿರುವುದಕ್ಕೆ ಮನೆಮಾತು ಕಾರಣವೋ, ಮೇಜರ್ ಎಂಬ ಸಣ್ಣ ಹುದ್ದೆ ಕಾರಣವೋ? ನನಗಂತೂ ಎರಡನೆಯದರ ಮೇಲೆಯೇ ಅನುಮಾನ ಹೆಚ್ಚು.

ಕಾಕಾರ ಹತ್ತಿರ ಈ ವಾದ ಎತ್ತಿದೆ. ಅವರು ತಲೆ ಕೆಡಿಸಿಕೊಳ್ಳಲಿಲ್ಲ. "ಖಡಕಿಯ ಗೇಟು ದಾಟಿ ಒಳಗೆ ಬಂದವನು ಖಡಕಿಯವನು" ಅಂದರು. ಹಾಗಾದರೆ ನಾನು? "ನೀವು ಕಾತ್ರಜದವರು. ಮೆಂಟೆನೆನ್ಸ್ ಕಟ್ಟುತ್ತೀರಲ್ಲ!"

ಸರಕಾರ ಪೂರ್ತಿ ಮರೆತಿಲ್ಲ. 1984ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ ತನ್ನ ತೈಲ ಹಡಗೊಂದಕ್ಕೆ ರಾಣೆಯವರ ಹೆಸರಿಟ್ಟಿತು, ಅವರು ಬದುಕಿದ್ದಾಗಲೇ. ಬುತಿಡಾಂಗ್‌ನಲ್ಲಿ ಬಾರದ ಹಡಗು ನೆನಪಾಗುತ್ತದೆ. 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ ಪರಮವೀರರ ಹೆಸರು ಕೊಟ್ಟಾಗ ಒಂದು ರಾಣೆ ದ್ವೀಪವಾಯಿತು.

ಊರಿಗೆ ಹೋಗುವಾಗ ನಾನೀಗ ಕಾರವಾರದ ಕಡಲತೀರದಲ್ಲಿ ಸ್ವಲ್ಪ ಹೊತ್ತು ಇಳಿಯುತ್ತೇನೆ. ಅಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಐಎನ್ಎಸ್ ಚಪಲ್ ಯುದ್ಧನೌಕೆಯ ಎದುರು. ಅದು ಸೋವಿಯತ್ ದೇಶದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. ಈಚೆಗೆ ಅಲ್ಲಿಗೆ ಟುಪೊಲೆವ್ ವಿಮಾನವೂ ಬಂದಿದೆ, ಅದೂ ಸೋವಿಯತ್ತಿನದೇ. ನೀವು ಹೋದರೆ ಅವೆರಡನ್ನೂ ನೋಡಿ, ಚೆನ್ನಾಗಿವೆ. ರಾಣೆಯವರು ಅಲ್ಲೇ ದೋಣಿಯ ಪಕ್ಕದಲ್ಲಿದ್ದಾರೆ.